ಒಂಬತ್ತು ಎಂಬಿ ಫೈಲಿಗೆ ಅರವತ್ತು ಸಾವಿರದ ಕಂಪ್ಯೂಟರ್

ಸಾಫ್ಟ್‌ವೇರ್ ನಿಧಾನವಾದರೆ ನಮ್ಮಲ್ಲಿ ಮೊದಲು ಬೈಸಿಕೊಳ್ಳುವುದು ಕಂಪ್ಯೂಟರ್. ‘ಹಳೇದಾಯ್ತು, ಮೆಮೊರಿ ಸಾಲ್ದು, ಹೊಸದು ತಗೊಳ್ಳಿ’ ಎನ್ನುವ ಮಾತು ಕಚೇರಿ, ಅಂಗಡಿ, ಮಂಡಿ ಎಲ್ಲ ಕಡೆ ಕೇಳಿಸುತ್ತದೆ. ಹೇಳುವವನು ಸಾಮಾನ್ಯವಾಗಿ ಆ ಸಾಫ್ಟ್‌ವೇರ್ ಬರೆದವನು, ಇಲ್ಲವೇ ಮಾರಿದವನು. ತನ್ನ ಪ್ರೋಗ್ರಾಂ ಫೈಲನ್ನು ಓದುವ ಬಗೆ ಹೇಗೆ ಎಂದು ಅವನೊಮ್ಮೆ ತೆರೆದು ನೋಡಿದ್ದರೆ ಆ ಮಾತು ಬಾಯಿಗೆ ಬರುತ್ತಿರಲಿಲ್ಲ. ತಿಪಟೂರಿನಲ್ಲಿ ಕೂತು ಸುತ್ತಮುತ್ತಲ ಡೇರಿ, ಕೊಬ್ಬರಿ ಮಂಡಿ, ಸಣ್ಣಪುಟ್ಟ ಸೊಸೈಟಿಗಳ ಲೆಕ್ಕದ ಪ್ರೋಗ್ರಾಂ ಬರೆದು, ಬೇರೆಯವರು ಬರೆದದ್ದನ್ನು ರಿಪೇರಿ ಮಾಡಿ ಜೀವನ ನಡೆಸುವವಳು ನಾನು. ನನ್ನ ಕೈಗೆ ಬರುವ ‘ನಿಧಾನ’ದ ದೂರುಗಳಲ್ಲಿ ಬಹುಪಾಲಕ್ಕೆ ಯಂತ್ರ ಕಾರಣವಲ್ಲ. ಮಾಮೂಲಿ ಪಠ್ಯ ಫೈಲೊಂದನ್ನು ಓದಲು, ಬರೆಯಲು ಬಾರದವರ ಕೈಚಳಕ ಅದು.

ಒಂದು ಹಳ್ಳಿಯ ಹಾಲಿನ ಡೇರಿಯನ್ನೇ ತೆಗೆದುಕೊಳ್ಳಿ. ಹಾಲು ಹಾಕುವ ಸದಸ್ಯರು ಇನ್ನೂರು ಜನ. ಬೆಳಿಗ್ಗೆ ಒಂದು ಹೊತ್ತು, ಸಂಜೆ ಒಂದು ಹೊತ್ತು. ತಕ್ಕಡಿ ತೂಕ ತೋರಿಸುತ್ತದೆ, ಪಕ್ಕದ ಯಂತ್ರ ಫ್ಯಾಟು, ಎಸ್‌ಎನ್‌ಎಫ್ (ಕೊಬ್ಬು ಬಿಟ್ಟ ಘನಾಂಶ) ಅಳೆಯುತ್ತದೆ, ಕಂಪ್ಯೂಟರ್ ಅದಷ್ಟನ್ನೂ ಒಂದು ಸಾಲು ಮಾಡಿ ಫೈಲಿನ ತುದಿಗೆ ಸೇರಿಸಿ ಚೀಟಿ ಹರಿದು ಕೊಡುತ್ತದೆ. ದಿನಾಂಕ, ಹೊತ್ತು, ಸದಸ್ಯರ ನಂಬರು, ಲೀಟರು, ಫ್ಯಾಟು, ಎಸ್‌ಎನ್‌ಎಫ್, ದರ, ಮೊತ್ತ, ನಡುವೆ ಅಲ್ಪವಿರಾಮ. ವರ್ಷಕ್ಕೆ 1,46,000 ಸಾಲು. ಸಾಲಿಗೆ ಅರವತ್ತು ಬೈಟ್ ಹಿಡಿದರೂ ಇಡೀ ವರ್ಷದ ಫೈಲು ಒಂಬತ್ತು ಎಂಬಿ ದಾಟುವುದಿಲ್ಲ. ಮೊಬೈಲಿನಲ್ಲಿ ತೆಗೆದ ಎರಡು ಮೂರು ಫೋಟೊಗಳು ಅಷ್ಟೇ ಜಾಗ ತಿನ್ನುತ್ತವೆ.

ಈ ಒಂಬತ್ತು ಎಂಬಿಯಿಂದ ಹದಿನೈದು ದಿನದ ಬಟವಾಡೆ ಬಿಲ್ಲು ತೆಗೆಯಲು ಆ ಡೇರಿಯಲ್ಲಿ ಮುಕ್ಕಾಲು ಗಂಟೆ ಹಿಡಿಯುತ್ತಿತ್ತು. ಕಾರ್ಯದರ್ಶಿ ಫೋನ್ ಮಾಡಿದರು.

‘ಅಕ್ಕಾ, ಕಂಪ್ಯೂಟ್ರು ಚೇಂಜ್ ಮಾಡ್ಬೇಕಂತೆ, ಅರವತ್ತು ಸಾವ್ರ ಆಯ್ತದಂತೆ. ಕಮಿಟಿಯೋರು ನನ್ ತಲೆ ತಿಂತಾವ್ರೆ. ಒಂದ್ಸಲ ಬಂದ್ ನೋಡ್ತೀರಾ?’

‘ಏಪ್ರಿಲ್‌ನಲ್ಲೂ ಹಿಂಗೇ ಇತ್ತಾ ಅಣ್ಣ?’

‘ಇಲ್ಲ ಕಣಕ್ಕಾ, ಆವಾಗ ಜುಮ್ ಅಂತ ಓಡ್ತಿತ್ತು. ಸಂಕ್ರಾಂತಿ ಕಳೀತಿದ್ದಂಗೆ ಹಿಂಗಾಡ್ತದೆ.’

ಅರ್ಧ ರೋಗ ಅಲ್ಲೇ ಗೊತ್ತಾಯಿತು. ಏಪ್ರಿಲ್‌ನಲ್ಲಿ ಲೆಕ್ಕದ ವರ್ಷ ಹೊಸದು, ಫೈಲೂ ಹೊಸದು, ಚಿಕ್ಕದು. ಫೈಲು ಬೆಳೆದ ಹಾಗೆ ಪ್ರೋಗ್ರಾಂ ಕುಂಟುತ್ತದೆ ಎಂದರೆ ಅದು ಬೇಕಾದ್ದನ್ನು ಹುಡುಕಲು ಪ್ರತಿ ಸಲವೂ ಫೈಲಿನ ತಲೆಯಿಂದ ಶುರು ಮಾಡುತ್ತಿರಬೇಕು. ಹೋಗಿ ನೋಡಿದರೆ ಹಾಗೇ ಇತ್ತು. ಒಂದನೇ ನಂಬರಿನ ಸದಸ್ಯರ ಒಂದನೇ ತಾರೀಖಿನ ಬೆಳಗಿನ ಹಾಲು ಎಷ್ಟು? ಫೈಲು ತೆರೆ, ಮೊದಲ ಸಾಲಿನಿಂದ ಹುಡುಕು, ಸಿಕ್ಕ ಮೇಲೆ ಮುಚ್ಚು. ಸಂಜೆಯ ಹಾಲು ಎಷ್ಟು? ಮತ್ತೆ ತೆರೆ, ಮತ್ತೆ ಮೊದಲಿನಿಂದ. ಇನ್ನೂರು ಜನ, ಹದಿನೈದು ದಿನ, ಎರಡು ಹೊತ್ತು: ಒಂದು ಬಟವಾಡೆಗೆ 6,000 ಸಲ ಫೈಲಿನ ಪ್ರದಕ್ಷಿಣೆ. ಬೇಕಾದ ಸಾಲುಗಳು ಈ ಹದಿನೈದು ದಿನದವು, ಅಂದರೆ ಫೈಲಿನ ಬಾಲದಲ್ಲಿರುವವು. ಹಾಗಾಗಿ ‘ಸಿಕ್ಕ ಮೇಲೆ ಮುಚ್ಚು’ ಎಂಬ ಜಾಣತನದಿಂದಲೂ ಏನೂ ಉಳಿಯಲಿಲ್ಲ, ಪ್ರತಿ ಸಲವೂ ಹೆಚ್ಚುಕಡಿಮೆ ಪೂರ್ತಿ ಓದಲೇಬೇಕು. ವರ್ಷದ ಕೊನೆಗೆ ಲೆಕ್ಕ ಹಾಕಿದರೆ 87 ಕೋಟಿಗೂ ಹೆಚ್ಚು ಸಾಲು, 50 ಜಿಬಿಗೂ ಮೇಲೆ. ಒಂಬತ್ತು ಎಂಬಿ ಮಾಹಿತಿಗೆ ಐವತ್ತು ಜಿಬಿ ಓದು! ಇದಕ್ಕೆ ಅರವತ್ತು ಸಾವಿರದ ಕಂಪ್ಯೂಟರ್ ತಂದಿದ್ದರೆ ಮುಕ್ಕಾಲು ಗಂಟೆ ಇಪ್ಪತ್ತು ನಿಮಿಷಕ್ಕೆ ಇಳಿಯುತ್ತಿತ್ತೇನೋ. ಹಾಲಿನ ದುಡ್ಡು ಅದಕ್ಕೆ ಹೋಗುತ್ತಿತ್ತು.

ಮಾಡಬೇಕಾದ್ದು ಇಷ್ಟೇ. ಫೈಲನ್ನು ಒಂದೇ ಸಲ, ಒಂದೊಂದೇ ಸಾಲಾಗಿ ಓದಬೇಕು. ಸಾಲು ಈ ಹದಿನೈದು ದಿನದ್ದಲ್ಲದಿದ್ದರೆ ಬಿಟ್ಟು ಮುಂದೆ ಹೋಗಬೇಕು. ಅದರದ್ದೇ ಆದರೆ ಆ ಸದಸ್ಯರ ನಂಬರಿನ ಖಾತೆಗೆ ಲೀಟರು, ಮೊತ್ತ ಕೂಡಿಸಬೇಕು. ಮೆಮೊರಿಯಲ್ಲಿ ಇರುವುದು ಒಂದು ಸಾಲು ಮತ್ತು ಇನ್ನೂರು ಖಾತೆ. ಫೈಲು ಒಂಬತ್ತು ಎಂಬಿ ಇದ್ದರೂ ಒಂಬತ್ತು ಜಿಬಿ ಇದ್ದರೂ ಮೆಮೊರಿಯ ಖರ್ಚು ಅಷ್ಟೇ. ಅದೇ ಹಳೆಯ ಯಂತ್ರದಲ್ಲಿ ಈಗ ಪ್ರಿಂಟರ್ ಕಾಗದ ಎಳೆದುಕೊಳ್ಳುವ ಮೊದಲೇ ಲೆಕ್ಕ ಮುಗಿದಿರುತ್ತದೆ.

‘ಒಂದೇ ಸಲ ಇಡೀ ಫೈಲನ್ನು ಮೆಮೊರಿಗೆ ಎಳೆದುಕೊಂಡರೆ ಇನ್ನೂ ಸುಲಭವಲ್ಲವೇ’ ಎಂದು ಕೇಳುವ ಹುಡುಗರು ಇದ್ದಾರೆ. ಒಂಬತ್ತು ಎಂಬಿಗೆ ನಡೆಯುತ್ತದೆ, ತಪ್ಪೇನಲ್ಲ. ಆದರೆ ಪೈಥಾನ್‌ನಂಥ ಭಾಷೆಯಲ್ಲಿ ಪ್ರತಿಯೊಂದು ಚೂರು ಪಠ್ಯಕ್ಕೂ ಅದರದೇ ಮೇಲುಖರ್ಚು ನಲವತ್ತರಿಂದ ಐವತ್ತು ಬೈಟ್ ಇರುತ್ತದೆ. ಅರವತ್ತು ಬೈಟಿನ ಸಾಲನ್ನು ಏಳೆಂಟು ಚೂರು ಮಾಡಿ ಪಟ್ಟಿಯಲ್ಲಿಟ್ಟರೆ ಡಿಸ್ಕಿನಲ್ಲಿ ಒಂಬತ್ತು ಎಂಬಿ ಇದ್ದದ್ದು ಮೆಮೊರಿಯಲ್ಲಿ ಅದರ ಎಷ್ಟೋ ಪಟ್ಟು ಉಬ್ಬುತ್ತದೆ. ಐದು ವರ್ಷದ ಫೈಲು ಒಟ್ಟಿಗೆ ಕೊಟ್ಟಾಗ ಹಳೆಯ ಯಂತ್ರ ಏದುಸಿರು ಬಿಡುವುದು ಆಗ.

ಇನ್ನೂ ಕೆಳಗಿಳಿದರೆ ಇನ್ನೊಂದು ವಿಷಯವಿದೆ, ನಮ್ಮ ಇಂಜಿನಿಯರುಗಳಲ್ಲಿ ಹಲವರು ಅದನ್ನು ಕಣ್ಣೆತ್ತಿಯೂ ನೋಡುವುದಿಲ್ಲ. ಪ್ರೋಗ್ರಾಂ ನೇರವಾಗಿ ಡಿಸ್ಕಿಗೆ ಕೈ ಹಾಕುವಂತಿಲ್ಲ. ಆಪರೇಟಿಂಗ್ ಸಿಸ್ಟಮನ್ನು ಕೇಳಿಕೊಳ್ಳಬೇಕು, ಅದು ತಂದುಕೊಡಬೇಕು. ಹಾಗೆ ಕೇಳುವುದಕ್ಕೇ ಒಂದು ಖರ್ಚಿದೆ, ಸಿಗುವುದು ಒಂದು ಬೈಟೋ ಎಂಟು ಸಾವಿರ ಬೈಟೋ ಎನ್ನುವುದರ ಮೇಲೆ ಆ ಖರ್ಚು ಅಷ್ಟಾಗಿ ಬದಲಾಗುವುದಿಲ್ಲ. ಆದ್ದರಿಂದಲೇ ಬಫರ್ ಎಂಬ ವ್ಯವಸ್ಥೆ: ಒಂದೇ ಸಲ ದೊಡ್ಡ ತುಂಡು ತಂದಿಟ್ಟುಕೊಂಡು ಆಮೇಲೆ ಅದರಿಂದ ಸಾಲುಸಾಲಾಗಿ ತೆಗೆದುಕೊಡುವುದು. ಜಾವಾದ ಬಫರ್ಡ್ ರೀಡರ್‌ನಲ್ಲಿ ಈ ತುಂಡಿನ ಗಾತ್ರ 8,192 ಅಕ್ಷರ. ಪೈಥಾನ್‌ನಲ್ಲಿ ಬಹುಕಾಲ 8,192 ಬೈಟ್ ಇತ್ತು. ನಮ್ಮ ಡೇರಿ ಫೈಲನ್ನು ಹೀಗೆ ಓದಿದರೆ ಕೇಳಿಕೆ ಸುಮಾರು 1,100 ಸಲ. ಬಫರ್ ಇಲ್ಲದೆ ಒಂದೊಂದೇ ಬೈಟ್ ಕೇಳುತ್ತಾ ಹೋದರೆ ಸುಮಾರು 90 ಲಕ್ಷ ಸಲ. ಮನೆಯಿಂದ ಡೇರಿಗೆ ಚಮಚದಲ್ಲಿ ಹಾಲು ಹೊತ್ತು ಓಡಾಡಿದ ಹಾಗೆ. ಮೂಲೆಯಲ್ಲಿ ಕ್ಯಾನು ಖಾಲಿ ಬಿದ್ದಿರುತ್ತದೆ.

ಇದು ಹೊಸ ಜ್ಞಾನವೇನಲ್ಲ. ಬ್ರಯನ್ ಕರ್ನಿಘನ್ ಮತ್ತು ಡೆನ್ನಿಸ್ ರಿಚಿ 1978ರಲ್ಲಿ ಸಿ ಭಾಷೆಯ ಬಗ್ಗೆ ಬರೆದ ಪುಸ್ತಕದ ಮೊದಲ ಅಧ್ಯಾಯದಲ್ಲೇ ಪಠ್ಯವನ್ನು ಓದಿ ಅಕ್ಷರ, ಪದ, ಸಾಲು ಎಣಿಸುವ ಪುಟ್ಟ ಪ್ರೋಗ್ರಾಂಗಳಿವೆ. ಕೊನೆಯ ಅಧ್ಯಾಯದಲ್ಲಿ ಅಕ್ಷರ ಓದುವ ಕೆಲಸವನ್ನು ಬಫರ್ ಇಲ್ಲದೆ ಒಂದು ಸಲ, ಬಫರ್ ಇಟ್ಟು ಒಂದು ಸಲ ಬರೆದು ತೋರಿಸುತ್ತಾರೆ. ತೆಳ್ಳನೆಯ ಪುಸ್ತಕ, ಆದರೂ ಪಠ್ಯ ಓದುವುದರಿಂದ ಶುರುವಾಗಿ ಅದರ ಒಳಗುಟ್ಟಿನ ತನಕ ಹೋಗುತ್ತದೆ. ನಮ್ಮ ತರಗತಿಗಳಲ್ಲಿ ಫೈಲಿನ ಪಾಠ ಬರುವುದು ಸೆಮಿಸ್ಟರ್ ಮುಗಿಯುವ ಹೊತ್ತಿಗೆ, ಹಾಜರಾತಿ ಕೂಡಿಸುವ ಗಡಿಬಿಡಿಯಲ್ಲಿ. ಲ್ಯಾಬ್ ಪರೀಕ್ಷೆಯಲ್ಲಿ ಕೊಡುವ ಫೈಲಿನಲ್ಲಿ ಐದು ಸಾಲು. ಐದು ಸಾಲಿನ ಫೈಲನ್ನು ಹೇಗೆ ಓದಿದರೂ ಪಾಸು.

ಮೆಮೊರಿಗಿಂತ ಫೈಲು ದೊಡ್ಡದಾದಾಗ ಏನು ಮಾಡಬೇಕು ಎಂಬ ಪ್ರಶ್ನೆಯಿಂದ ಒಳ್ಳೆಯ ಸಲಕರಣೆಗಳೇ ಹುಟ್ಟಿವೆ. 1970ರ ದಶಕದ ಆರಂಭದಲ್ಲಿ ಬೆಲ್ ಲ್ಯಾಬ್ಸ್‌ನಲ್ಲಿ ಲೀ ಮೆಕ್‌ಮಹನ್ ಎಂಬಾತ ಅಮೆರಿಕದ ಫೆಡರಲಿಸ್ಟ್ ಲೇಖನಗಳಲ್ಲಿ ಯಾವುದನ್ನು ಯಾರು ಬರೆದದ್ದು ಎಂದು ಪತ್ತೆ ಮಾಡಲು ಹೊರಟಿದ್ದ. ಆಗಿನ ಎಡಿಟರ್ ಇಡೀ ಪಠ್ಯವನ್ನು ಮೆಮೊರಿಯಲ್ಲಿ ಇಟ್ಟುಕೊಳ್ಳಬೇಕಿತ್ತು, ಈ ಲೇಖನಗಳು ಅದರಲ್ಲಿ ಹಿಡಿಯುತ್ತಿರಲಿಲ್ಲ. ಕೆನ್ ಥಾಂಪ್ಸನ್ ಎಡಿಟರಿನ ಹುಡುಕುವ ಭಾಗವನ್ನಷ್ಟೇ ಬಿಡಿಸಿಕೊಂಡು, ಒಂದೊಂದೇ ಸಾಲು ಓದಿ, ಹೊಂದಿದರೆ ತೋರಿಸಿ, ಇಲ್ಲದಿದ್ದರೆ ಬಿಟ್ಟುಬಿಡುವ ‘ಗ್ರೆಪ್’ ಎಂಬ ಪ್ರೋಗ್ರಾಂ ಮಾಡಿಕೊಟ್ಟ. ಈ ಕಥೆಯನ್ನು ಕರ್ನಿಘನ್ ಹೇಳಿದ್ದಾರೆ. ಡೇರಿಯ ಯಂತ್ರದ ಮುಂದೆ ಆಗ ಅವರ ಬಳಿ ಇದ್ದ ಕಂಪ್ಯೂಟರ್ ಆಟಿಕೆ. ಅದರ ವಿಳಾಸ ವ್ಯಾಪ್ತಿಯೇ 64 ಕಿಲೊಬೈಟ್. ಗ್ರೆಪ್ ಇವತ್ತಿಗೂ ನನ್ನ ದಿನನಿತ್ಯದ ಸಂಗಾತಿ.

ಈ ಕಾಲದ ಉದಾಹರಣೆ ಬೇಕೆಂದರೆ 2024ರ ಜನವರಿಯಲ್ಲಿ ಗುನ್ನಾರ್ ಮಾರ್ಲಿಂಗ್ ಎಂಬ ಪ್ರೋಗ್ರಾಮರ್ ಜಾವಾದವರಿಗೆ ಒಂದು ಸವಾಲು ಹಾಕಿದರು. ನೂರು ಕೋಟಿ ಸಾಲಿನ ಪಠ್ಯ ಫೈಲು, ಸುಮಾರು 13 ಜಿಬಿ. ಪ್ರತಿ ಸಾಲಿನಲ್ಲಿ ಹವಾಮಾನ ಕೇಂದ್ರದ ಹೆಸರು, ಅರ್ಧವಿರಾಮ, ತಾಪಮಾನ. ಕೇಂದ್ರವಾರು ಕನಿಷ್ಠ, ಸರಾಸರಿ, ಗರಿಷ್ಠ ಹೇಳಬೇಕು. ಡೇರಿಯ ಬಟವಾಡೆಗೂ ಇದಕ್ಕೂ ರೂಪದಲ್ಲಿ ವ್ಯತ್ಯಾಸವೇ ಇಲ್ಲ. ನೇರವಾಗಿ ಬರೆದ ಮಾದರಿ ಪ್ರೋಗ್ರಾಂ ಸುಮಾರು ಐದು ನಿಮಿಷ ತೆಗೆದುಕೊಂಡಿತು; ಗೆದ್ದದ್ದು ಅದೇ ಯಂತ್ರದಲ್ಲಿ ಒಂದೂವರೆ ಸೆಕೆಂಡು ಚಿಲ್ಲರೆ. ಗೆದ್ದವರ ಉಪಾಯಗಳಲ್ಲಿ ಕೆಲವು ಬರೀ ಸರ್ಕಸ್ಸು, ನಮ್ಮಂಥವರಿಗೆ ಬೇಡ. ಆದರೆ ಕೆಲವು ಯಾರಿಗಾದರೂ ದಕ್ಕುವಂಥವು. ಫೈಲನ್ನು ಸಾಲಿನ ಅಂಚು ನೋಡಿ ಹೋಳು ಮಾಡಿ ಎಂಟು ಕೋರ್‌ಗಳಿಗೂ ಹಂಚಿದರು. ಪ್ರತಿ ಸಾಲಿಗೂ ಹೊಸ ಪಠ್ಯದ ಚೂರುಗಳನ್ನು ಸೃಷ್ಟಿಸಿ ಎಸೆಯುವುದನ್ನು ಬಿಟ್ಟರು. ತಾಪಮಾನಕ್ಕೆ ದಶಾಂಶದ ನಂತರ ಒಂದೇ ಅಂಕಿ ಇರುವುದನ್ನು ಗಮನಿಸಿ 12.3 ಅನ್ನು 123 ಎಂಬ ಪೂರ್ಣಾಂಕವಾಗಿ ಓದಿದರು. ಕೊನೆಯದನ್ನು ನಾನು ಫ್ಯಾಟಿಗೆ ಅನ್ವಯಿಸಿಕೊಂಡಿದ್ದೇನೆ: 4.1 ಫ್ಯಾಟು ನನ್ನ ಪ್ರೋಗ್ರಾಮಿನಲ್ಲಿ 41. ವೇಗಕ್ಕಿಂತ ಹೆಚ್ಚಾಗಿ, ಪೈಸೆ ಲೆಕ್ಕ ತಪ್ಪುವುದಿಲ್ಲ.

ಈಗ ಕನ್ನಡದ ಸಂಗತಿಗೆ ಬರೋಣ. ಹೊರಗಿನಿಂದ ಬರುವ ಸಾಫ್ಟ್‌ವೇರ್‌ಗಳು ಸೋಲುವುದು ಹೆಚ್ಚಾಗಿ ಇಲ್ಲಿ, ಮತ್ತು ಆ ಸೋಲಿಗೆ ಕನ್ನಡವನ್ನೇ ದೂರುವುದು ರೂಢಿಯಾಗಿಬಿಟ್ಟಿದೆ.

ಅದೇ ಡೇರಿಯ ಚೀಟಿಯಲ್ಲಿ ಲಕ್ಷ್ಮಮ್ಮನವರ ಹೆಸರು ‘ಲಕ್ಷ್ಮ’ ಎಂದು ಬಂದು, ಮುಂದೆ ಕಪ್ಪು ವಜ್ರದೊಳಗೊಂದು ಪ್ರಶ್ನಾರ್ಥಕ ಚಿಹ್ನೆ ಇರುತ್ತಿತ್ತು. ಆಯಮ್ಮ ಚೀಟಿ ಹಿಡಿದು ‘ನನ್ ಹೆಸ್ರು ಯಾಕ್ ಕೊಯ್ದವ್ರೆ’ ಎಂದು ಜಗಳ ತೆಗೆದಿದ್ದರಂತೆ, ನ್ಯಾಯವೇ. ‘ಕನ್ನಡ ಸಪೋರ್ಟ್ ಇಲ್ಲ’ ಎಂದು ಕಂಪನಿಯವರ ಉತ್ತರ. ಸಪೋರ್ಟ್ ಇತ್ತು, ಎಣಿಕೆ ತಪ್ಪಿತ್ತು. ಲಕ್ಷ್ಮಮ್ಮ ಎಂದು ಬರೆದರೆ ಕಣ್ಣಿಗೆ ಮೂರು ಅಕ್ಷರ. ಯೂನಿಕೋಡ್ ಲೆಕ್ಕದಲ್ಲಿ ಒಂಬತ್ತು ಸಂಕೇತ: ಲ, ಕ, ಹಲಂತ, ಷ, ಹಲಂತ, ಮ, ಮ, ಹಲಂತ, ಮ. ಯೂನಿಕೋಡನ್ನು ಬೈಟುಗಳಾಗಿ ಬರೆಯುವ ಯುಟಿಎಫ್-8 ಪದ್ಧತಿಯಲ್ಲಿ ಕನ್ನಡದ ಪ್ರತಿ ಸಂಕೇತಕ್ಕೂ ಮೂರು ಬೈಟ್, ಹಾಗಾಗಿ ಫೈಲಿನಲ್ಲಿ 27 ಬೈಟ್. ಹೆಸರಿಗೆ ಇಪ್ಪತ್ತು ಬೈಟ್ ಜಾಗ ಸಾಕು ಎಂದು ಇಂಗ್ಲಿಷ್ ಹೆಸರು ನೋಡಿ ತೀರ್ಮಾನಿಸಿದವನು ಇಪ್ಪತ್ತಕ್ಕೆ ಕತ್ತರಿ ಹಾಕಿದ್ದ. ಹದಿನೆಂಟು ಬೈಟಿಗೆ ‘ಲಕ್ಷ್ಮ’ ಮುಗಿಯಿತು. ಉಳಿದ ಎರಡು ಬೈಟ್ ಮುಂದಿನ ‘ಮ’ದ ಮೂರರಲ್ಲಿ ಎರಡು ಭಾಗ. ಮುಕ್ಕಾದ ಆ ‘ಮ’ವೇ ವಜ್ರ.

ತುಂಡುತುಂಡಾಗಿ ಫೈಲು ಓದುವಾಗಲೂ ಇದೇ ಕಾಟ. 8,192 ಅನ್ನು ಮೂರರಿಂದ ಭಾಗಿಸಿದರೆ ಎರಡು ಉಳಿಯುತ್ತದೆ. ಬರೀ ಕನ್ನಡವೇ ಇರುವ ಫೈಲಿನ ಮೊದಲ ತುಂಡು ಅಕ್ಷರವೊಂದರ ನಟ್ಟನಡುವೆ ಮುಗಿಯುವುದು ಖಚಿತ. ಪ್ರತಿ ತುಂಡನ್ನೂ ಬೇರೆಬೇರೆಯಾಗಿ ಅಕ್ಷರಕ್ಕೆ ತಿರುಗಿಸಿದರೆ ಅಂಚಿನಲ್ಲಿ ವಜ್ರಗಳು ಕಾಣಿಸಿಕೊಳ್ಳುತ್ತವೆ. ಇಂಗ್ಲಿಷ್ ಫೈಲಿನಲ್ಲಿ ಪರೀಕ್ಷೆ ಮಾಡಿ ‘ಎಲ್ಲ ಸರಿ’ ಎಂದವನಿಗೆ ಈ ದೋಷ ಯಾವತ್ತೂ ಕಾಣುವುದಿಲ್ಲ. ಪರಿಹಾರ ಕಷ್ಟದ್ದಲ್ಲ. ಯುಟಿಎಫ್-8 ಅನ್ನು 1992ರಲ್ಲಿ ರಾಬ್ ಪೈಕ್ ಜೊತೆ ಕೂತು ರೂಪಿಸಿದ್ದು ಇದೇ ಗ್ರೆಪ್‌ನ ಥಾಂಪ್ಸನ್. ನ್ಯೂಜೆರ್ಸಿಯ ಒಂದು ಹೋಟೆಲಿನಲ್ಲಿ, ತಟ್ಟೆಯ ಕೆಳಗೆ ಹಾಸುವ ಕಾಗದದ ಮೇಲೆ. ಪ್ರತಿ ಬೈಟನ್ನು ನೋಡಿದ ಕೂಡಲೇ ಅದು ಅಕ್ಷರದ ಆರಂಭವೋ ನಡುವಿನದೋ ಎಂದು ಗೊತ್ತಾಗುವ ಹಾಗೆ ಮಾಡಿದ್ದಾರೆ. ಕತ್ತರಿಸಿದ ಜಾಗದಿಂದ ಒಂದೆರಡು ಬೈಟ್ ಹಿಂದೆ ಸರಿದರೆ ಸರಿಯಾದ ಗಡಿ ಸಿಗುತ್ತದೆ. ಅಷ್ಟೂ ಮಾಡಲು ಸೋಮಾರಿತನವಾದರೆ ‘ಈ ಫೈಲು ಯುಟಿಎಫ್-8’ ಎಂದು ತೆರೆಯುವಾಗಲೇ ಹೇಳಿ, ಸಾಲುಸಾಲಾಗಿ ಓದಿದರಾಯಿತು. ಉಳಿದದ್ದನ್ನು ಭಾಷೆಯೇ ನೋಡಿಕೊಳ್ಳುತ್ತದೆ. ಹೇಳದಿದ್ದರೆ ವಿಂಡೋಸ್ ತನಗೆ ತೋಚಿದ ಹಳೆಯ ಸಂಕೇತ ಪದ್ಧತಿ ಹಿಡಿಯುತ್ತದೆ. ಆಗ ಪರದೆ ತುಂಬ ತಲೆಯ ಮೇಲೆ ಗೀಟು ಹೊತ್ತ ಇಂಗ್ಲಿಷ್ ‘ಎ’, ಅದರ ಪಕ್ಕ ಪುಟ್ಟ ಎರಡು ಅಥವಾ ಮೂರರ ಅಂಕಿ. ಆ ಜೋಡಿ ಪದೇಪದೇ ಕಂಡರೆ ಗಾಬರಿ ಬೇಡ, ಮಾಹಿತಿ ಹಾಳಾಗಿಲ್ಲ. ಕನ್ನಡದ ಪ್ರತಿ ಅಕ್ಷರದ ಮೊದಲೆರಡು ಬೈಟ್ ಹಾಗೆ ಕಾಣುತ್ತವೆ ಅಷ್ಟೇ. ಆ ಸ್ಥಿತಿಯಲ್ಲಿ ಮಾತ್ರ ಸೇವ್ ಒತ್ತಬೇಡಿ. ಎಕ್ಸೆಲ್‌ನಲ್ಲಿ ಸಿಎಸ್‌ವಿ ಫೈಲನ್ನು ಡಬಲ್ ಕ್ಲಿಕ್ ಮಾಡಿ ತೆರೆದು ಹೀಗೆ ಕೆಡಿಸಿಕೊಂಡ ಸದಸ್ಯರ ಪಟ್ಟಿಗಳನ್ನು ನಾನು ಎಷ್ಟೋ ನೋಡಿದ್ದೇನೆ.

ಬರೆಯುವ ಕಡೆ ಬಂದರೆ ವೇಗದ ಬುದ್ಧಿವಾದವನ್ನು ಕಣ್ಣುಮುಚ್ಚಿ ಪಾಲಿಸಲಾಗದು. ಬರೆಯುವಾಗಲೂ ಬಫರ್ ಇರುತ್ತದೆ: ಪ್ರೋಗ್ರಾಂ ‘ಬರೆದೆ’ ಎಂದದ್ದು ಮೊದಲು ಮೆಮೊರಿಯಲ್ಲಿ ಕೂರುತ್ತದೆ, ಅಲ್ಲಿಂದ ಆಪರೇಟಿಂಗ್ ಸಿಸ್ಟಮಿನ ಕೈಗೆ, ಅಲ್ಲಿಂದ ತನಗೆ ಅನುಕೂಲವಾದಾಗ ಡಿಸ್ಕಿಗೆ. ಬಿಲ್ಲಿನ ಸಾವಿರಾರು ಸಾಲು ಬರೆಯುವಾಗ ಇದು ಒಳ್ಳೆಯದೇ. ಪ್ರತಿ ಸಾಲಿಗೂ ಫೈಲು ತೆರೆದು ಮುಚ್ಚುವವರು, ಸಿ++ನಲ್ಲಿ ಪ್ರತಿ ಸಾಲಿನ ಕೊನೆಗೂ ‘ಎಂಡ್‌ಎಲ್’ ಹಾಕಿ ಬಫರನ್ನು ಖಾಲಿ ಮಾಡಿಸುವವರು ಸುಮ್ಮನೆ ಸಮಯ ಸುಡುತ್ತಾರೆ. ಆದರೆ ಹಾಲು ಅಳೆದ ಸಾಲು ಬೇರೆ ಥರದ್ದು. ಚೀಟಿ ರೈತನ ಕೈ ಸೇರಿತು ಎಂದರೆ ಆ ಸಾಲು ಡಿಸ್ಕಿನಲ್ಲಿ ಇರಲೇಬೇಕು. ನಮ್ಮೂರಿನ ಕರೆಂಟು ಯಾರ ಅಪ್ಪಣೆಯನ್ನೂ ಕೇಳುವುದಿಲ್ಲ, ಡೇರಿಯ ಯುಪಿಎಸ್ ಬ್ಯಾಟರಿ ಸತ್ತು ಯಾವ ಕಾಲವಾಯಿತೋ. ಇಲ್ಲಿ ಪ್ರತಿ ಸಾಲಿನ ನಂತರವೂ ‘ಡಿಸ್ಕಿಗೆ ತಲುಪಿಸಿ ಆಮೇಲೆ ಹೇಳು’ ಎಂದು ಆಪರೇಟಿಂಗ್ ಸಿಸ್ಟಮ್‌ಗೆ ಕಟ್ಟುನಿಟ್ಟಾಗಿ ಹೇಳಬೇಕು. ಆ ಆಜ್ಞೆಯ ಹೆಸರು ಎಫ್‌ಸಿಂಕ್. ನಿಧಾನವೇ, ಒಂದೊಂದಕ್ಕೂ ಕೆಲವು ಮಿಲಿಸೆಕೆಂಡು. ಆದರೆ ಇನ್ನೂರು ಜನ ಒಂದೂವರೆ ಗಂಟೆಯಲ್ಲಿ ಬರುವ ಜಾಗದಲ್ಲಿ ಮಿಲಿಸೆಕೆಂಡು ಉಳಿಸಿ ಯಾರಿಗೆ ಏನಾಗಬೇಕು?

ಇನ್ನೊಂದು ಕಡೆ ಅಪಾಯ ಸದಸ್ಯರ ಬಾಕಿ ಫೈಲಿನದು. ಅದನ್ನು ಬಟವಾಡೆಗೊಮ್ಮೆ ಹೊಸದಾಗಿ ಬರೆಯಬೇಕು. ಹೆಚ್ಚಿನವರು ಹಳೆಯ ಫೈಲನ್ನೇ ಬರೆಯುವ ಸಲುವಾಗಿ ತೆರೆಯುತ್ತಾರೆ. ತೆರೆದ ಕ್ಷಣವೇ ಅದು ಬರಿದಾಗುತ್ತದೆ, ಹೊಸದು ಇನ್ನೂ ಬಂದಿರುವುದಿಲ್ಲ. ಆ ನಡುವೆ ಕರೆಂಟು ಹೋದರೆ ಮೇವಿನ ಸಾಲ, ಮುಂಗಡ ಎಲ್ಲವೂ ಸೊನ್ನೆ ಬೈಟ್. ಸರಿಯಾದ ಕ್ರಮ ಬೇರೆ: ಹೊಸ ಹೆಸರಿನಲ್ಲಿ ಪೂರ್ತಿ ಬರೆದು, ಎಫ್‌ಸಿಂಕ್ ಮಾಡಿ, ಕೊನೆಗೆ ಹಳೆಯ ಹೆಸರಿಗೆ ಬದಲಿಸಬೇಕು. ಹೆಸರು ಬದಲಿಸುವುದು ಒಂದೇ ಏಟಿಗೆ ಆಗುವ ಕೆಲಸ, ಹಾಗಾಗಿ ಯಾವ ಗಳಿಗೆಯಲ್ಲಿ ಕರೆಂಟು ಹೋದರೂ ಇರುವುದು ಪೂರ್ತಿ ಹಳೆಯದು, ಇಲ್ಲವೇ ಪೂರ್ತಿ ಹೊಸದು. ದೊಡ್ಡವರೂ ಇದನ್ನು ಕಲಿತದ್ದು ಏಟು ತಿಂದೇ. 2009ರಲ್ಲಿ ಲಿನಕ್ಸ್‌ನ ಇಎಕ್ಸ್‌ಟಿ4 ಫೈಲ್‌ಸಿಸ್ಟಮ್ ಹೊಸದಾಗಿ ಬಂದಾಗ ಯಂತ್ರ ಕೆಟ್ಟು ನಿಂತ ಮೇಲೆ ಖಾಲಿ ಫೈಲುಗಳು ಉಳಿಯುತ್ತಿವೆ ಎಂದು ದೊಡ್ಡ ಗಲಾಟೆಯೇ ಆಗಿತ್ತು. ತಪ್ಪು ಫೈಲ್‌ಸಿಸ್ಟಮಿನದೋ, ಎಫ್‌ಸಿಂಕ್ ಮರೆತ ಪ್ರೋಗ್ರಾಂಗಳದೋ ಎಂದು ಎರಡು ಬಣ.

‘ಇದೆಲ್ಲ ರಾಮಾಯಣ ಯಾಕೆ, ಡೇಟಾಬೇಸ್ ಹಾಕಬಾರದೇ?’ ಎಂದು ಬೆಂಗಳೂರಿನ ಗೆಳೆಯರು ಕೇಳುತ್ತಾರೆ. ಹಾಕಬಹುದು. ನಾಲ್ಕು ಜನ ಒಟ್ಟಿಗೆ ತಿದ್ದುವ ಕಡೆ ನಾನೂ ಹಾಕುತ್ತೇನೆ, ಎಸ್‌ಕ್ಯೂಎಲೈಟ್ ಬಹಳ ಒಳ್ಳೆಯ ಸಲಕರಣೆ. ಆದರೆ ಹಾಲಳೆಯುವ ಯಂತ್ರ ಉಗುಳುವುದು ಪಠ್ಯವನ್ನೇ, ಲೆಕ್ಕಪರಿಶೋಧಕರು ಕೇಳುವುದೂ ಪಠ್ಯವನ್ನೇ. ಸಾಫ್ಟ್‌ವೇರ್ ಕಂಪನಿ ಬಾಗಿಲು ಹಾಕಿದ ಮೇಲೂ ನೋಟ್‌ಪ್ಯಾಡಿನಲ್ಲಿ ತೆರೆದು ಓದಬಹುದಾದದ್ದು ಅದೊಂದೇ.

ಹಾಗೆಂದು ‘ಪಠ್ಯ’ ಎಂದು ಹೇಳಿಕೊಳ್ಳುವ ಎಲ್ಲವೂ ಪಠ್ಯವಲ್ಲ. ಹಳೆಯ ‘ನುಡಿ’ ಸಾಫ್ಟ್‌ವೇರಿನ ಫಾಂಟಿನಲ್ಲಿ ‘ಕನ್ನಡ’ ಎಂದು ಹೊಡೆದರೆ ಫೈಲಿನಲ್ಲಿ ಕೂರುವುದು ಏಳು ಬೈಟ್: ಇಂಗ್ಲಿಷಿನ ದೊಡ್ಡ ಪಿ, ಗೀಟು ಹೊತ್ತ ಎ, ಬ್ರಿಟಿಷ್ ಪೌಂಡಿನ ಗುರುತು, ಮತ್ತೊಂದು ಗೀಟಿನ ಎ, ಜರ್ಮನ್ನರ ಒಂದಕ್ಷರ, ಸಣ್ಣ ಕ್ಯೂ, ಇನ್ನೊಂದು ಗೀಟಿನ ಎ. ಆ ಮೂರು ಎಗಳು ಮೂರು ತಲೆಕಟ್ಟು. ಅಂದರೆ ಅಲ್ಲಿರುವುದು ಅಕ್ಷರಗಳಲ್ಲ, ಅಕ್ಷರದ ಚಿತ್ರದ ತುಂಡುಗಳು. ಫಾಂಟು ಇಲ್ಲದಿದ್ದರೆ ಕಸ. ‘ನುಡಿ’, ‘ಬರಹ’ ಸಾಫ್ಟ್‌ವೇರ್‌ಗಳನ್ನು ಹಳಿಯಲು ಈ ಮಾತಲ್ಲ. ಬೇರೆ ದಾರಿಯೇ ಇಲ್ಲದಿದ್ದ ಕಾಲದಲ್ಲಿ ಅವು ಕನ್ನಡವನ್ನು ಕಂಪ್ಯೂಟರಿನೊಳಗೆ ಕೂರಿಸಿದವು. ಆದರೆ ವಿಂಡೋಸ್ ಎಕ್ಸ್‌ಪಿ 2001ರಲ್ಲಿ ತುಂಗಾ ಫಾಂಟಿನ ಸಮೇತ ಯೂನಿಕೋಡ್ ಕನ್ನಡ ತಂದು ಕಾಲು ಶತಮಾನವೇ ಆಗುತ್ತ ಬಂದಿದೆ. ಇವತ್ತಿಗೂ ಸಾರ್ವಜನಿಕ ಪಟ್ಟಿಗಳು ಹಳೆಯ ಫಾಂಟಿನ ಪಿಡಿಎಫ್ ಆಗಿ ಬರುತ್ತವೆ. ಒಂದು ಊರಿನ ಹೆಸರು ಹುಡುಕಿದರೆ ಸಿಗುವುದಿಲ್ಲ, ನಕಲು ಮಾಡಿದರೆ ಪೌಂಡು, ಗೀಟು. ಯೂನಿಕೋಡ್‌ಗೆ ಜಾಗ ಜಾಸ್ತಿ ಬೇಕು ಎಂಬ ನೆಪ ಈಗಲೂ ಕೇಳಿಬರುತ್ತದೆ. ನಿಜ, ಏಳು ಬೈಟಿನ ‘ಕನ್ನಡ’ ಹದಿನೈದಾಗುತ್ತದೆ. ಆದರೆ ಮೂರರಲ್ಲಿ ಮೊದಲ ಬೈಟ್ ಸದಾ ಒಂದೇ, ಎರಡನೆಯದು ಎರಡರಲ್ಲೊಂದು. ಹಾಗಾಗಿ ಜಿಪ್ ಮಾಡಿದರೆ ಆ ಹೆಚ್ಚುವರಿ ಬಹುಪಾಲು ಕರಗುತ್ತದೆ.

ಸರಿಯಾಗಿ ಮಾಡಿದವರೂ ನಮ್ಮ ನಡುವೆಯೇ ಇದ್ದಾರೆ. ವಿ. ಕೃಷ್ಣ ಅವರು ದಶಕಗಳ ಕಾಲ ಒಬ್ಬರೇ ಕೂತು ಕಟ್ಟಿದ ಕನ್ನಡ–ಇಂಗ್ಲಿಷ್ ನಿಘಂಟು ‘ಅಲರ್’ 2019ರಲ್ಲಿ ಎಲ್ಲರಿಗೂ ಮುಕ್ತವಾಯಿತು. ಒಂದೂವರೆ ಲಕ್ಷಕ್ಕೂ ಮೀರಿದ ಪದಗಳು, ಅವುಗಳ ಅರ್ಥಗಳು, ಯೂನಿಕೋಡ್ ಪಠ್ಯದಲ್ಲಿ ಯಾರು ಬೇಕಾದರೂ ಇಳಿಸಿಕೊಳ್ಳುವಂತಿವೆ. ಪದಗಳ ಸಂಖ್ಯೆಯೂ ಡೇರಿ ಫೈಲಿನ ಸಾಲುಗಳ ಸಂಖ್ಯೆಯೂ ಹತ್ತಿರ ಹತ್ತಿರ. ಕೆಲಸ ಕಲಿಯಲು ಬರುವ ಹುಡುಗಿಯರಿಗೆ ನಾನು ಮೊದಲು ಕೊಡುವ ಅಭ್ಯಾಸ ಅದೇ: ಪೂರ್ತಿ ಮೆಮೊರಿಗೆ ತುಂಬದೆ, ಒಂದೇ ಓದಿನಲ್ಲಿ, ಯಾವ ಅಕ್ಷರದಿಂದ ಎಷ್ಟು ಪದ ಶುರುವಾಗುತ್ತವೆ ಎಂದು ಹೇಳು. ಈಗ ಎಲ್ಲರೂ ಎಐ ಹತ್ತಿರ ಕೋಡು ಬರೆಸಿಕೊಂಡು ಬರುತ್ತಾರೆ, ಬರೆಸಲಿ. ಅದು ಇಡೀ ಫೈಲನ್ನು ಒಂದೇ ಗುಟುಕಿಗೆ ನುಂಗುವ ಕೋಡು ಕೊಟ್ಟಾಗ ‘ಇದು ಎಷ್ಟು ಮೆಮೊರಿ ತಿನ್ನುತ್ತೆ?’ ಎಂದು ಕೇಳಲು ಗೊತ್ತಿರಬೇಕು. ಕಾಲೇಜುಗಳ ಲ್ಯಾಬ್ ಪರೀಕ್ಷೆಗೂ ಐದು ಸಾಲಿನ ಫೈಲನ್ನು ಬಿಟ್ಟು ಇಂಥದ್ದೊಂದನ್ನು ಕೊಡಬಹುದು, ಖರ್ಚಿಲ್ಲ.

ಕಾಲೇಜು ಬದಲಾಗುವ ತನಕ ಡೇರಿ, ಸೊಸೈಟಿಗಳ ಕಮಿಟಿಯವರು ಕಾಯಬೇಕಿಲ್ಲ. ಸಾಫ್ಟ್‌ವೇರ್ ಕೊಳ್ಳುವಾಗ ಕರಾರಿನಲ್ಲಿ ಮೂರು ಮಾತು ಬರೆಸಿಕೊಳ್ಳಿ. ನಮ್ಮದೇ ಈಗಿನ ಕಂಪ್ಯೂಟರಿನಲ್ಲಿ, ಐದು ವರ್ಷದ ಸಾಲುಗಳನ್ನು ತುಂಬಿ, ಒಂದು ಬಟವಾಡೆ ಬಿಲ್ಲು ನಮ್ಮ ಕಣ್ಣೆದುರೇ ತೆಗೆದು ತೋರಿಸಬೇಕು. ಲಕ್ಷ್ಮಮ್ಮ, ಕೃಷ್ಣಪ್ಪ ಇಂಥ ಹೆಸರುಗಳ ಚೀಟಿ ಮುದ್ರಿಸಿ ಕೊಡಬೇಕು. ಕೇಳಿದ ದಿನ ಎಲ್ಲ ಲೆಕ್ಕವನ್ನೂ ಯುಟಿಎಫ್-8 ಪಠ್ಯವಾಗಿ ನಮ್ಮ ಪೆನ್‌ಡ್ರೈವಿಗೆ ಹಾಕಿಕೊಡಬೇಕು. ಮೂರನೆಯದಕ್ಕೆ ಬೇರೆ ಚಾರ್ಜು ಆಗುತ್ತದೆ ಎಂದು ಯಾರಾದರೂ ಅಂದರೆ ಒಪ್ಪಬೇಡಿ. ಅದನ್ನು ಮಾಡುವ ಕೋಡು ಇಪ್ಪತ್ತು ಸಾಲು ದಾಟುವುದಿಲ್ಲ.